ಒಂದೇ ಪಿಪಿಟಿ, ಮೂರು ಗಡಿಯಾರ: ಸ್ಲೈಡ್ ತಾನಾಗಿ ಓಡಿಸಲು ಯಾವುದು ವಾಸಿ?

ಅಪ್ಪನ ಷಷ್ಟ್ಯಬ್ದಿಗೆ ಮನೆಯವರು ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಕೆಳಗೆ ಎರಡೆರಡು ಸಾಲು ಬರೆದು, ಊಟದ ಹಾಲ್ ಬಾಗಿಲ ಪಕ್ಕದ ಟಿವಿಯಲ್ಲಿ ಓಡಿಸಬೇಕು. ಯಾರೂ ನಿಂತು ಬಟನ್ ಒತ್ತುತ್ತಾ ಇರಬಾರದು. ಒಟ್ಟು 42 ಸ್ಲೈಡ್ ಆಯಿತು. ಎಲ್ಲಕ್ಕೂ ಐದೈದು ಸೆಕೆಂಡ್ ಕೊಟ್ಟರೆ ಮುಗೀತು ಅಂದುಕೊಂಡೆ.

ಮುಗಿಯಲಿಲ್ಲ. ಅದೇ ಫೈಲನ್ನು ಪವರ್‌ಪಾಯಿಂಟ್, ಲಿಬ್ರೆಆಫೀಸ್ ಇಂಪ್ರೆಸ್, ಗೂಗಲ್ ಸ್ಲೈಡ್ಸ್ ಅನ್ನುವ ಮೂರು ಸ್ಲೈಡ್ ತಂತ್ರಾಂಶಗಳಲ್ಲೂ ಓಡಿಸಿ ನೋಡಬೇಕಾಯಿತು.

ಮೊದಲು ಪವರ್‌ಪಾಯಿಂಟ್. ಟ್ರಾನ್ಸಿಷನ್ಸ್ ಟ್ಯಾಬಿನಲ್ಲಿ ಬಲಗಡೆ ಕೊನೆಗೆ ಟೈಮಿಂಗ್ ಅಂತ ಒಂದು ಜಾಗ ಇದೆ. ಅಲ್ಲಿ ಡ್ಯುರೇಷನ್ ಅಂತ ಒಂದು, ಆಫ್ಟರ್ ಅಂತ ಇನ್ನೊಂದು ಡಬ್ಬಿ. ನಾನು ಆತುರದಲ್ಲಿ ಡ್ಯುರೇಷನ್‌ಗೆ 8 ಹಾಕಿಬಿಟ್ಟೆ. ಒಂದು ಫೋಟೋ ಇನ್ನೊಂದರೊಳಗೆ ಕರಗಲು ಎಂಟು ಸೆಕೆಂಡ್ ತಗೊಂಡಿತು. ಅಜ್ಜನ ಮೀಸೆ ಮೇಲೆ ಚಿಕ್ಕಮ್ಮನ ಮದುವೆ ಸೀರೆ! ಡ್ಯುರೇಷನ್ ಅಂದರೆ ಸ್ಲೈಡ್ ಬದಲಾಗುವ ಆಟಕ್ಕೆ ಹಿಡಿಯುವ ಸಮಯ. ಸ್ಲೈಡ್ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಆಫ್ಟರ್‌ನಲ್ಲಿ ಹೇಳಬೇಕು. ಅಲ್ಲಿ 00:05.00 ಅಂತ ಕಂಡರೆ ಮೊದಲನೆಯದು ನಿಮಿಷ, ನಡುವಿನದು ಸೆಕೆಂಡ್, ಚುಕ್ಕೆಯ ಆಚೆಗಿನದು ಸೆಕೆಂಡಿನ ನೂರನೇ ಭಾಗ. 'ಅಪ್ಲೈ ಟು ಆಲ್' ಒತ್ತಿದರೆ ಎಲ್ಲ ಸ್ಲೈಡಿಗೂ ಅದೇ ಸಮಯ.

ಆದರೆ ಎಲ್ಲಕ್ಕೂ ಒಂದೇ ಸಮಯ ಅನ್ನುವುದೇ ತಪ್ಪು ಲೆಕ್ಕ. ಅದನ್ನು ತೋರಿಸಿಕೊಟ್ಟವರು ನನ್ನ ಸೋದರತ್ತೆ.

ಸ್ಲೈಡ್ ಶೋ ಟ್ಯಾಬಿನಲ್ಲಿ 'ರಿಹರ್ಸ್ ಟೈಮಿಂಗ್ಸ್' ಅಂತ ಇದೆ. ಅದನ್ನು ಒತ್ತಿದರೆ ಶೋ ಶುರುವಾಗುತ್ತದೆ, ಮೂಲೆಯಲ್ಲಿ ಗಡಿಯಾರ ಓಡುತ್ತದೆ. ನೀವು ಯಾವ ಸ್ಲೈಡಿನಲ್ಲಿ ಎಷ್ಟು ಹೊತ್ತು ನಿಂತಿರೋ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಮೊದಲು ನಾನೇ ಮಾಡಿದೆ. ಒಟ್ಟು 3 ನಿಮಿಷ 50 ಸೆಕೆಂಡ್. ಆಮೇಲೆ ಸುಮ್ನೆ ಅತ್ತೆಯ ಕೈಗೆ ಮೌಸ್ ಕೊಟ್ಟು, "ನೋಡಿ ಆದ ಮೇಲೆ ಒತ್ತಿ ಅತ್ತೆ" ಅಂದೆ. 9 ನಿಮಿಷ 40 ಸೆಕೆಂಡ್!

ಬರಹ ಜಾಸ್ತಿ ಇರುವ ಸ್ಲೈಡಿಗೆ ಜಾಸ್ತಿ ಸಮಯ ಬೇಕು ಅಂತ ನನ್ನ ಅಂದಾಜು. ಅತ್ತೆ ಅತಿ ಹೆಚ್ಚು ಹೊತ್ತು ನಿಂತಿದ್ದು ಒಂದಕ್ಷರವೂ ಇಲ್ಲದ ಸ್ಲೈಡಿನಲ್ಲಿ. ಅಪ್ಪನ ಮದುವೆಯ ಗ್ರೂಪ್ ಫೋಟೋ, 23 ಜನ. ನಾನು ಅದಕ್ಕೆ ನಾಲ್ಕು ಸೆಕೆಂಡ್ ಕೊಟ್ಟಿದ್ದೆ. ಅತ್ತೆ ಮೊದಲು ತಮ್ಮನ್ನು ಹುಡುಕಿಕೊಂಡರು. ಆಮೇಲೆ ಒಬ್ಬೊಬ್ಬರನ್ನೇ ಬೆರಳಿಟ್ಟು ಹೆಸರು ಹೇಳಿದರು. ನಾನು ಕೈ ಚಾಚಿದರೆ, "ತಡಿಯೋ, ಹಿಂದಿನ ಸಾಲು ಇನ್ನೂ ನೋಡಿಲ್ಲ" ಅಂತ ಗದರಿದರು. 41 ಸೆಕೆಂಡ್.

ನಡುವೆ ಕಾಫಿಗೆ ಎದ್ದಾಗ ಗಡಿಯಾರದ ಪಕ್ಕದಲ್ಲಿ, ಅದನ್ನು ತಡೆದು ನಿಲ್ಲಿಸುವ ಪಾಸ್ (Pause) ಬಟನ್ ಉಪಯೋಗಕ್ಕೆ ಬಂತು. ಕೊನೆಗೆ "ಇಷ್ಟು ಸಮಯ ಆಯಿತು, ಉಳಿಸಿಕೊಳ್ಳಲಾ?" ಅಂತ ಕೇಳುತ್ತದೆ. ಹೂಂ ಅಂದರೆ, ಎಲ್ಲ ಸ್ಲೈಡನ್ನೂ ಚಿಕ್ಕದಾಗಿ ಸಾಲಾಗಿ ತೋರಿಸುವ ಸ್ಲೈಡ್ ಸಾರ್ಟರ್‌ನಲ್ಲಿ ಪ್ರತಿ ಸ್ಲೈಡಿನ ಕೆಳಗೂ ಸಮಯ ಕಾಣುತ್ತದೆ. ಯಾವುದೋ ಒಂದು ಸರಿಯಿಲ್ಲದಿದ್ದರೆ ಅದನ್ನಷ್ಟೇ ಕೈಯಿಂದ ತಿದ್ದಬಹುದು. ನನಗೆ ಅತಿ ಇಷ್ಟವಾಗಿದ್ದು ಇದೇ.

ಇಂಪ್ರೆಸ್ ದುಡ್ಡು ಕೇಳುವುದಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲೂ ರಿಹರ್ಸ್ ಟೈಮಿಂಗ್ಸ್ ಇದೆ. ಗಡಿಯಾರ ಎಡಗಡೆ ಕೆಳಗೆ ಚಿಕ್ಕದಾಗಿ ಕೂತಿರುತ್ತದೆ. ಒಂದು ಸೂಕ್ಷ್ಮ ಮಾತ್ರ ತಿಳಿದಿರಬೇಕು. ಮುಂದಕ್ಕೆ ಹೋಗಲು ಆ ಗಡಿಯಾರದ ಮೇಲೆಯೇ ಒತ್ತಿದರೆ ಸಮಯ ದಾಖಲಾಗುತ್ತದೆ. ಸ್ಲೈಡಿನ ಮೇಲೆ ಎಲ್ಲಾದರೂ ಒತ್ತಿದರೆ ಸ್ಲೈಡ್ ಮುಂದೆ ಹೋಗುತ್ತದೆ, ಆದರೆ ಅದರ ಹಳೇ ಸಮಯವೇ ಉಳಿಯುತ್ತದೆ. ಇದನ್ನು ಅತ್ತೆಗೆ ಹೇಳದೆ ಕೂರಿಸಿದ್ದು ನನ್ನ ತಪ್ಪು. ಅವರು ಕಂಡಕಂಡಲ್ಲಿ ಒತ್ತಿದರು, ಹತ್ತು ನಿಮಿಷ ದಂಡ. ಎರಡನೇ ಸಲ ಕೂರಲು ಅವರು ಒಪ್ಪಲೇ ಇಲ್ಲ. ಪವರ್‌ಪಾಯಿಂಟಿನಲ್ಲಿ ಮಾಡಿದ ಫೈಲನ್ನೇ ಇಲ್ಲಿ ತೆರೆದೆ. ಸಮಯಗಳೇನೋ ಹಾಗೇ ಬಂದವು. ಆದರೆ ನಾನು ಬಳಸಿದ್ದ ನಿರ್ಮಲ ಯುಐ ಫಾಂಟ್ ಆ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಎರಡು ಸಾಲಿನ ಬರಹ ಮೂರು ಸಾಲಾಗಿ ಫೋಟೋ ಮೇಲೆ ಹತ್ತಿತ್ತು. 'ನೋಟೋ ಸಾನ್ಸ್ ಕನ್ನಡ' ಫಾಂಟಿಗೆ ಬದಲಿಸಿ ಎಲ್ಲ ಸರಿಮಾಡಿದೆ.

ಇಂಪ್ರೆಸ್‌ನಲ್ಲಿ ಒಂದು ಒಳ್ಳೇ ಅನುಕೂಲ ಇದೆ. ಶೋ ಮುಗಿದು ಮತ್ತೆ ಶುರುವಾಗುವ ಮೊದಲು ಎಷ್ಟು ಹೊತ್ತು ಬಿಡುವು ಬೇಕು ಅಂತ ಸೆಟ್ ಮಾಡಬಹುದು.

ಗೂಗಲ್ ಸ್ಲೈಡ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶೋ ಓಡುವಾಗ ಮೂರು ಚುಕ್ಕೆ ಒತ್ತಿ ಆಟೋ ಪ್ಲೇಗೆ ಹೋದರೆ 1, 2, 3, 5, 10, 15, 30 ಸೆಕೆಂಡ್, ಇಲ್ಲವೇ ಒಂದು ನಿಮಿಷ. ಆರಿಸಿದ್ದು ಎಲ್ಲ ಸ್ಲೈಡಿಗೂ ಒಂದೇ. ವೆಬ್‌ಗೆ ಪಬ್ಲಿಷ್ ಮಾಡಿದರೆ ಬರುವ ಲಿಂಕಿನ ಕೊನೆಯಲ್ಲಿ 3000 ಅಂತ ಒಂದು ಅಂಕಿ ಇರುತ್ತದೆ, ಅದು ಮಿಲಿಸೆಕೆಂಡ್. ಅದನ್ನು 7000 ಮಾಡಿದರೆ ಏಳು ಸೆಕೆಂಡ್. ಗ್ರೂಪ್ ಫೋಟೋಗೆ ಜಾಸ್ತಿ ಸಮಯ ಬೇಕು ಅಂತ ಆ ಸ್ಲೈಡನ್ನೇ ಆರು ಕಾಪಿ ಮಾಡಿ ಸಾಲಾಗಿಟ್ಟೆ. ಕೆಲಸ ಆಯಿತು, ಆದರೆ ಇದು ತೇಪೆ ಹಾಕಿದ ಹಾಗೆ. ಅದೂ ಅಲ್ಲದೆ ಪಬ್ಲಿಷ್ ಮಾಡಿದ ಲಿಂಕ್ ಸಿಕ್ಕಿದವರೆಲ್ಲ ಮನೆಯ ಫೋಟೋ ನೋಡಬಹುದು. ಅದು ನನಗೆ ಹಿಡಿಸಲಿಲ್ಲ. ಮಂಟಪದ ಊಟದ ಹಾಲ್ ಇರುವುದು ನೆಲಮಾಳಿಗೆಯಲ್ಲಿ, ನೆಟ್‌ವರ್ಕ್ ಒಂದು ಗೆರೆಯೂ ಬರುವುದಿಲ್ಲ. ಆದರೂ ಫೋಟೋ ಕೂಡಿಸುವಾಗ ಇದೇ ಕೈ ಹಿಡಿದಿದ್ದು. ಮೈಸೂರಿನಿಂದ ಚಿಕ್ಕಪ್ಪ, ನ್ಯೂಜೆರ್ಸಿಯಿಂದ ಅಕ್ಕ ಒಂದೇ ಫೈಲಿಗೆ ಫೋಟೋ ಹಾಕಿದರು. ಆಮೇಲೆ ಅದನ್ನು ಇಳಿಸಿಕೊಂಡು ಪವರ್‌ಪಾಯಿಂಟಿಗೆ ತಂದೆ.

ಹಿಂದಿನ ದಿನ ಮನೆಯಲ್ಲಿ ಪರೀಕ್ಷೆಗೆ ಇಟ್ಟಾಗ ಇನ್ನೊಂದು ಎಡವಟ್ಟು. ಶೋ ಓಡುತ್ತಿತ್ತು, ಅಕ್ಕನ ಮಗ ಮೌಸ್ ಮುಟ್ಟಿದ ಕೂಡಲೇ ಮೂರು ಸ್ಲೈಡ್ ಹಾರಿತು. ಆಫ್ಟರ್ ಪಕ್ಕದಲ್ಲೇ 'ಆನ್ ಮೌಸ್ ಕ್ಲಿಕ್' ಟಿಕ್ ಹಾಗೇ ಬಿಟ್ಟಿದ್ದೆ. ಎರಡೂ ಇದ್ದರೆ ಯಾವುದು ಮೊದಲು ಬರುತ್ತದೋ ಅದರಂತೆ ಸ್ಲೈಡ್ ಮುಂದೆ ಹೋಗುತ್ತದೆ. ಸೆಟಪ್ ಸ್ಲೈಡ್ ಶೋಗೆ ಹೋಗಿ ಕಿಯಾಸ್ಕ್ ಆಯ್ಕೆ ಮಾಡಿದೆ. ಆಗ ಯಾರು ಎಷ್ಟು ಒತ್ತಿದರೂ ಅಲುಗುವುದಿಲ್ಲ, ಎಸ್ಕೇಪ್ ಒತ್ತುವವರೆಗೂ ಸುತ್ತುತ್ತಾ ಇರುತ್ತದೆ.

ಕೊನೆಗೆ ಲ್ಯಾಪ್‌ಟಾಪ್ ಅಲ್ಲಿಡುವುದೇ ಬೇಡ ಅನ್ನಿಸಿತು. ಎಕ್ಸ್‌ಪೋರ್ಟ್‌ನಲ್ಲಿ 'ಕ್ರಿಯೇಟ್ ಎ ವಿಡಿಯೋ' ಇದೆ. ಅಲ್ಲಿ ರೆಕಾರ್ಡ್ ಆದ ಸಮಯಗಳನ್ನೇ ಬಳಸು ಅಂತ ಹೇಳಬೇಕು. ಸಮಯ ಕೊಡದ ಸ್ಲೈಡ್ ಇದ್ದರೆ ಅದು ತಾನೇ ಐದು ಸೆಕೆಂಡ್ ಹಾಕಿಕೊಳ್ಳುತ್ತದೆ. ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿ, ರಿಪೀಟ್ ಇಟ್ಟೆ. ಅತ್ತೆಯ 9 ನಿಮಿಷ 40 ಸೆಕೆಂಡ್ ಒಂದು ಸೆಕೆಂಡೂ ಬದಲಾಗದೆ ಓಡಿತು.

ಊಟ ಮುಗಿಸಿ ಬಂದವರು ಟಿವಿ ಮುಂದೆ ಗುಂಪು ಕಟ್ಟಿದರು. ಗ್ರೂಪ್ ಫೋಟೋ ಬಂತು, ಹೋಯಿತು. ಅತ್ತೆ ಬೀಡಾ ಅಗಿಯುತ್ತಾ ನನ್ನ ಕಡೆ ತಿರುಗಿ, "ಇನ್ನೂ ಸ್ವಲ್ಪ ಹೊತ್ತು ಇಡಬಾರದಿತ್ತೇನೋ?" ಅಂದರು.