ಹೊಟ್ಟೆ ಹಲಗೆ: ಪ್ಲೈವುಡ್ ವಾಸಿಯೋ, ಥರ್ಮಾಕೋಲ್ ವಾಸಿಯೋ?

"ಶಾವಿಗಿ ಮಣಿ ಏನ್ರಿ ಸರ ಇದು?"

ನಾನು ಒಯ್ದಿದ್ದ ಕಾಗದದ ಅಚ್ಚನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಶಹಾಪುರದ ಬಡಿಗೇರ ಕಾಕಾ ಕೇಳಿದ ಮೊದಲ ಮಾತು ಇದು. 4 ಅಡಿ ಉದ್ದ, 16 ಇಂಚು ಅಗಲ, ಒಂದು ತುದಿ ದುಂಡಗೆ. ಶಾವಿಗಿ ಮಣಿ ಅಂದರೆ ಶಾವಿಗೆ ಹೊಸೆಯೋ ಹಲಗೆ, ಹಾಗೆ ಕೇಳಿದ್ದು ಅವರ ತಪ್ಪಲ್ಲ. "ಅಲ್ಲ ಕಾಕಾ, ಇದರ ಮ್ಯಾಲೆ ಹೊಟ್ಟಿ ಹಚ್ಚಿ ಮಲಗಿ ಸಮುದ್ರದ ಅಲಿ ಮ್ಯಾಲೆ ಜಾರೋದು" ಅಂದೆ. ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಬೆಳಗಾವ್ಯಾಗ ಸಮುದ್ರ ಎಲ್ಲೈತ್ರಿ?" ಅಂದರು.

ಇಲ್ಲ, ನಿಜ. ಆದರೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ಏರುವ ಮೊದಲೇ ನೀರಲ್ಲಿರಬಹುದು. ವರ್ಷಕ್ಕೆ ಐದಾರು ಸಲ ಹೋಗುತ್ತೇವೆ. ನಿಂತು ಸರ್ಫ್ ಮಾಡುವ ವಯಸ್ಸು ನನ್ನದಲ್ಲ, ಮೊಣಕಾಲು ಒಪ್ಪುವುದಿಲ್ಲ. ಮಲಗಿ ಜಾರೋದಕ್ಕೆ ಯಾರ ಅಭ್ಯಂತರವೂ ಇಲ್ಲ. ಹಾಗಾಗಿ ಎರಡು ಸೀಸನ್‌ನಲ್ಲಿ ನಾಲ್ಕು ಹಲಗೆ ಹಿಡಿದು ನೋಡಿದೆ. ಒಂದು ಕೊಂಡದ್ದು, ಮೂರು ಮಾಡಿಸಿದ್ದು. ಗೋವಾದ ಉತ್ತರದ ಬೀಚುಗಳಲ್ಲಿ, ಒಂದು ಸಲ ಕಾರವಾರದಲ್ಲಿ. ಅಲೆ ಹೆಚ್ಚೆಂದರೆ ಎದೆಮಟ್ಟ, ಬಹಳ ಸಲ ಸೊಂಟದ ಮಟ್ಟ. ದೊಡ್ಡ ಅಲೆಯವರಿಗೆ ನನ್ನ ಲೆಕ್ಕ ಹೊಂದಲಿಕ್ಕಿಲ್ಲ.

ಮೊದಲು ಕೊಂಡದ್ದರ ಕಥೆ, ಬೇಗ ಮುಗಿಯುತ್ತದೆ. ಆಟದ ಸಾಮಾನಿನ ಅಂಗಡಿಯದು, ಒಳಗೆ ಥರ್ಮಾಕೋಲ್, ಮೇಲೆ ಬಣ್ಣದ ಬಟ್ಟೆ, ತೂಕ ಸುಮಾರು 1 ಕೆಜಿ. ಮೊದಲ ದಿನ ಬಹಳ ಖುಷಿ ಕೊಟ್ಟಿತು. ಎರಡನೇ ಸಲ ಒಂದು ಅಲೆ ಹಿಂದಿನಿಂದ ಬಡಿದಾಗ ನಡುವಿಗೆ ಮಡಚಿತು. ಆಮೇಲೆ ಪುಸ್ತಕದ ಹಾಗೆ ಮುಚ್ಚಿ ತೆಗೆಯಬಹುದಿತ್ತು. ಒಳ್ಳೆಯ ಬಾಡಿಬೋರ್ಡ್, ಅಂದರೆ ಮಲಗಿ ಜಾರುವ ಫೋಮ್ ಹಲಗೆ, ಹೀಗಿರುವುದಿಲ್ಲ, ಇದು ಹೇಳಲೇಬೇಕು. 1971ರಲ್ಲಿ ಹವಾಯಿಯಲ್ಲಿ ಟಾಮ್ ಮೋರಿ ಫೋಮ್ ಕತ್ತರಿಸಿ ಶುರು ಮಾಡಿದ ಆ ಜಾತಿಯ ಹಲಗೆಗೆ ಒಳಗೆ ಗಟ್ಟಿ ಪಾಲಿಎಥಿಲೀನ್ ಫೋಮ್ ಇರುತ್ತದೆ, ತಳಕ್ಕೆ ನುಣುಪು ಪ್ಲಾಸ್ಟಿಕ್ ಹಾಳೆ. ಬಾಗುತ್ತದೆ, ಮುರಿಯುವುದಿಲ್ಲ. ನಾನು ಕೊಂಡದ್ದು ಅದರ ವೇಷ ಹಾಕಿದ ಡಬ್ಬಿ. ಆದರೂ ಮಕ್ಕಳಿಗೆ ಮೊದಲ ದಿನಕ್ಕೆ ಇದೇ ಸಾಕು. ತಲೆಗೆ ತಾಗಿದರೂ ನೋವಿಲ್ಲ.

ಇನ್ನು ಮಾಡಿಸಿದ್ದಕ್ಕೆ ಬರೋಣ. ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು. ಅದಕ್ಕೇ ಇರಬೇಕು, ಹಲಗೆ ಅಂದ ಕೂಡಲೇ ತಲೆಗೆ ಬಂದದ್ದು ತೇಲೋದೊಂದೇ. ಎಷ್ಟು ತೇಲುತ್ತೋ ಅಷ್ಟು ಒಳ್ಳೆಯದು ಅಂದುಕೊಂಡಿದ್ದೆ. ಪ್ಲೈವುಡ್ ಅಂದಾಗ ನಗು ಬಂದಿತ್ತು. ಆದರೆ ಹವಾಯಿಯವರು ಹಳೇ ಕಾಲದಿಂದ ಪೈಪೋ ಅಂತ ಸಣ್ಣ ಮರದ ಹಲಗೆಯ ಮೇಲೆ ಮಲಗಿ ಜಾರುತ್ತಿದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು ಹೋದ ಶತಮಾನದಲ್ಲಿ ಮೂಗು, ಅಂದರೆ ಮುಂದಿನ ತುದಿ, ಬಗ್ಗಿಸಿದ ತೆಳು ಪ್ಲೈವುಡ್ ಹಲಗೆಯಲ್ಲೇ ಆಡಿದರು. ಅಷ್ಟು ಜನ ಸುಮ್ನೆ ಆಡಿರಲಿಕ್ಕಿಲ್ಲ ಅಲ್ವಾ?

ಹಾಗಾಗಿ ಎರಡನೆಯದು ಸಾದಾ ಪ್ಲೈ. 12 ಮಿಮೀ, ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ, ಅಂದರೆ ನೀರು ತಡೆಯುವ ಜಾತಿ. ಮುದ್ರೆ ನೋಡಿಯೇ ತಗೊಳ್ಳಿ, ಐಎಸ್ 303 ಅಂದರೆ ಮನೆ ಕಪಾಟಿನ ಮಾಲು. 8 ಅಡಿಗೆ 4 ಅಡಿಯ ಒಂದು ಶೀಟಿನಲ್ಲಿ, ಗರಗಸದ ಪುಡಿಗೆ ಹೋದದ್ದು ಬಿಟ್ಟರೆ, ಇಂಥ ಆರು ಹಲಗೆ ಕೂಡುತ್ತವೆ. ಕಾಕಾ ಅರ್ಧ ದಿನದಲ್ಲಿ ಕೊಯ್ದು ಅಂಚು ದುಂಡಗೆ ಮಾಡಿ ಕೊಟ್ಟರು. ನಾನು ವಾರ್ನಿಷ್ ಹೊಡೆದೆ. ತೂಕ 3.8 ಕೆಜಿ. ಇದರ ಗಾತ್ರ ಸುಮಾರು ಐದೂವರೆ ಲೀಟರ್. ಅಂದರೆ ಇದು ಎತ್ತಿ ಹಿಡಿಯೋ ಭಾರ 2 ಕೆಜಿಯೂ ಇಲ್ಲ. ನನ್ನ ಹೊಟ್ಟೆಯೊಂದೇ ಅದಕ್ಕಿಂತ ಜಾಸ್ತಿ.

ನೀರಿಗಿಳಿದು ಮಲಗಿದರೆ ಮುಳುಗಿತು. ಅಣ್ಣನ ಮಗ ದಂಡೆಯ ಮೇಲೆ ಕೂತು ನಗುತ್ತಿದ್ದ. ಆಮೇಲೆ ಗೊತ್ತಾಯಿತು, ಇದರ ಮೇಲೆ ಮಲಗಿ ಕಾಯಬಾರದು. ಸೊಂಟಮಟ್ಟ ನೀರಲ್ಲಿ ದಂಡೆಗೆ ಮುಖ ಮಾಡಿ ನಿಲ್ಲಬೇಕು. ಅಲೆ ಒಡೆಯೋಕೆ ಒಂದು ಕ್ಷಣ ಮೊದಲು ನೆಲ ಒದ್ದು, ಹಲಗೆ ಸಮೇತ ಮುಂದಕ್ಕೆ ಹಾರಬೇಕು. ವೇಗ ಬಂದ ಮೇಲೆ ನೀರೇ ಹಲಗೆಯನ್ನು ಮೇಲೆತ್ತುತ್ತದೆ. ಕೆರೆಗೆ ಚಪ್ಪಟೆ ಕಲ್ಲು ಎಸೆದಾಗ ಕುಪ್ಪಳಿಸುತ್ತದಲ್ಲ, ಹಾಗೆ. ಕಲ್ಲು ತೇಲುತ್ತದೇನು?

ಜಾರಿತು. ಆದರೆ ಹತ್ತು ಅಲೆಯಲ್ಲಿ ನಾಲ್ಕು ಸಲ ಮೂಗು ನೀರಿಗೆ ಚುಚ್ಚಿತು. ತಳ ಪೂರಾ ಸಪಾಟು ಇದ್ದರೆ ಇಳಿಜಾರಿನಲ್ಲಿ ಮುಂದಿನ ತುದಿ ಸೀದಾ ಒಳಗೇ ಹೋಗುತ್ತದೆ. ಒಂದು ಸಲ ಮೂಗು ಮರಳಿಗೆ ನಟ್ಟು ಹಿಂದಿನ ತುದಿ ನನ್ನ ಪಕ್ಕೆಲುಬಿಗೆ ಗುದ್ದಿತು. ಮೂರು ದಿನ ಸೀನಿದರೆ ಕಣ್ಣೀರು. ಅಂದಿನಿಂದ ಹಲಗೆಯ ತುದಿ ಹೊಟ್ಟೆಯ ನೇರಕ್ಕೆ ಬರುವ ಹಾಗೆ ಯಾರಿಗೂ ಹಿಡಿಯಗೊಡುವುದಿಲ್ಲ. ಇನ್ನೊಂದು ತಪ್ಪು ನನ್ನದೇ. ಮೇಲೆ ಕೆಳಗೆ ಮೂರು ಕೋಟ್ ವಾರ್ನಿಷ್ ಹೊಡೆದವನು ಅಂಚಿಗೆ ಒಂದೇ ಕೋಟ್ ಹೊಡೆದಿದ್ದೆ. ಪ್ಲೈ ನೀರು ಕುಡಿಯೋದು ಅಂಚಿನಿಂದಲೇ. ಎರಡನೇ ಟ್ರಿಪ್ ಆದಮೇಲೆ ಅಂಚು ಕಪ್ಪಾಗಿ ಉಬ್ಬಿತ್ತು.

ಮೂರನೆಯದು ಥರ್ಮಾಕೋಲ್. ಇದಕ್ಕೆ ಪಟ್ಟ ಪಾಡು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇರೆಯವರ ದುಡ್ಡಾದರೂ ಉಳಿಯಲಿ. ಟಿವಿ ಡಬ್ಬದಲ್ಲಿ ಬರುವ ಪ್ಯಾಕಿಂಗ್ ಥರ್ಮಾಕೋಲ್ ನಡೆಯುವುದಿಲ್ಲ, ಮೊಣಕೈ ಊರಿದರೆ ಕುಳಿ ಬೀಳುತ್ತದೆ. ಕ್ಯೂಬಿಕ್ ಮೀಟರಿಗೆ 20 ಕೆಜಿ ಮೇಲಿನ ಸಾಂದ್ರತೆಯದು ಬೇಕು. ಎರಡು ಪದರ ಅಂಟಿಸಿ 2 ಇಂಚು ಮಾಡಿದೆ. ಉದ್ದ 42 ಇಂಚು, ಅಗಲ 20. ಎರಡೂ ಬದಿಗೆ ಪ್ಲೈ ಅಚ್ಚು ಕಟ್ಟಿ, ಬಿಸಿ ತಂತಿ ಎಳೆದು ಮೂಗಿನ ಏರು ಕೊಯ್ದೆವು. ಅಂಚನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕುವಾಗ ಕಾಳು ಕಾಳಾಗಿ ಉದುರಿ ಮನೆ ತುಂಬ ಸಾಬೂದಾನಿ ಚೆಲ್ಲಿದ ಹಾಗಾಯಿತು. ಈಗಲೂ ಅಲ್ಲಲ್ಲಿ ಸಿಗುತ್ತವೆ.

ಮೇಲೆ ಫೈಬರ್ ಹೊದಿಸಬೇಕಿತ್ತು, ಅಂದರೆ ಗಾಜಿನ ನೂಲಿನ ಬಟ್ಟೆ ಹಾಸಿ ರಾಳ (ರೆಸಿನ್) ಹಚ್ಚಿ ಗಟ್ಟಿ ಮಾಡೋದು. ಫೈಬರ್ ಬಾಗಿಲು, ತೊಟ್ಟಿ ಮಾಡುವ ಒಂದು ವರ್ಕ್‌ಶಾಪಿಗೆ ಒಯ್ದೆ. "ಏನೂ ಆಗಲ್ರಿ, ದಿನಾ ಮಾಡೋದ ಅದನ್ನ" ಅಂದರು. ಬಟ್ಟೆ ಹಾಸಿ, ಬ್ರಷ್ ಅದ್ದಿ ರಾಳ ಹಚ್ಚಿದರು. ಎರಡು ನಿಮಿಷಕ್ಕೆ ಬಟ್ಟೆ ನಡುವೆ ಕುಸಿಯತೊಡಗಿತು. ಮೊದಲು ಬಟ್ಟಲಷ್ಟು ಕುಳಿ, ಆಮೇಲೆ ಪರಾತದಷ್ಟು. ಚುಯ್ ಅಂತ ಸಣ್ಣ ಸದ್ದು ಬೇರೆ. ಹೆಂಚಿನ ಮೇಲೆ ಬೆಣ್ಣೆ ಕರಗಿದ ಹಾಗೆ ನನ್ನ ಒಂದು ವಾರದ ಕೆಲಸ ಕಣ್ಣೆದುರೇ ಹೋಯಿತು. ಅವರು ಹಚ್ಚಿದ್ದು ಪಾಲಿಯೆಸ್ಟರ್ ರಾಳ. ಅದರಲ್ಲಿ ಸ್ಟೈರೀನ್ ಇರುತ್ತದೆ, ಸ್ಟೈರೀನ್ ಥರ್ಮಾಕೋಲನ್ನು ತಿಂದು ಹಾಕುತ್ತದೆ. ಥರ್ಮಾಕೋಲಿಗೆ ಎಪಾಕ್ಸಿ ಅನ್ನೋ ಬೇರೆ ಜಾತಿಯ ರಾಳವೇ ಬೇಕು. ಅವರಿಗೆ ತೊಟ್ಟಿಯ ಕೆಲಸ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಒಂದು ತುಂಡಿಗೆ ಹಚ್ಚಿ ನೋಡಿದ್ದರೆ ಮುಗಿಯುತ್ತಿತ್ತು.

ಎರಡನೇ ಸಲ ಮನೆಯಲ್ಲೇ ಎಪಾಕ್ಸಿ ಹಚ್ಚಿದೆ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಗ್ಲಾಸ್ ಬಟ್ಟೆ, ಮೇಲೆ ಕೆಳಗೆ ಎರಡೆರಡು ಪದರ. ಆಗ ಜುಲೈ. ಬೆಳಗಾವಿಯ ಜುಲೈ ಗೊತ್ತಲ್ಲ, ಹಗ್ಗದ ಮೇಲಿನ ಬನಿಯನ್ ನಾಲ್ಕು ದಿನವಾದರೂ ಒಣಗುವುದಿಲ್ಲ. ಆ ತೇವಕ್ಕೆ ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಎಣ್ಣೆ ಸವರಿದಂಥ ಜಿಡ್ಡು ಪೊರೆ ಕಟ್ಟಿತು. ಅದನ್ನು ನೀರು ಹಾಕಿ ತಿಕ್ಕಿ ತೊಳೆಯದೆ ಮುಂದಿನ ಕೋಟ್ ಹಚ್ಚಿದರೆ ಹಿಡಿಯುವುದಿಲ್ಲ. ಇನ್ನೊಂದು, ಒಂದೇ ಮಗ್ಗಿನಲ್ಲಿ ಜಾಸ್ತಿ ಕಲಸಿಡಬೇಡಿ. ತನ್ನಷ್ಟಕ್ಕೇ ಬಿಸಿಯಾಗಿ ಹೊಗೆ ಬರುತ್ತದೆ. ನನ್ನದು ಬಂದಿತ್ತು.

ಹಲಗೆ ಮಾತ್ರ ಚೆಂದ ಬಂತು. 2.1 ಕೆಜಿ, ಗಾತ್ರ ಸುಮಾರು 22 ಲೀಟರ್. ಹತ್ತಿರ ಹತ್ತಿರ 20 ಕೆಜಿ ಎತ್ತಿ ಹಿಡಿಯುತ್ತದೆ. ಇದರ ಮೇಲೆ ಮಲಗಿದರೆ ಎದೆ ನೀರಿನ ಮೇಲೇ ಇರುತ್ತದೆ, ಕಾಲಿಗೆ ಈಜುವ ಫಿನ್ ಹಾಕಿಕೊಂಡು ಅಲೆ ಒಡೆಯುವ ಜಾಗದ ಆಚೆಗೆ ಹೋಗಿ ಕಾಯಬಹುದು. ಒಡೆಯದ ಅಲೆಯನ್ನು ಹಿಡಿದು ಬಂದ ಆ ಎರಡು ಸವಾರಿ ಬೇರೆ ಯಾವ ಹಲಗೆಯೂ ಕೊಡಲಿಲ್ಲ. ಅದಕ್ಕೆ ಪೂರಾ ಮಾರ್ಕು.

ಆದರೆ ಸೊಂಟಮಟ್ಟದ ನೀರಲ್ಲಿ ಅದು ಬೇರೆಯೇ ಪ್ರಾಣಿ. ಎದುರಿನಿಂದ ಬರುವ ಪ್ರತಿ ಅಲೆಯೂ ಅದನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಒಳಗೆ ಅದುಮಿ ದಾಟೋಣ ಅಂದರೆ ಅದುಮಲಿಕ್ಕೇ ಆಗುವುದಿಲ್ಲ. ಅಂಚು ದಪ್ಪ, ದುಂಡಗೆ. ಹಾಗಾಗಿ ನೀರನ್ನು ಕಚ್ಚುವುದಿಲ್ಲ, ಓರೆಯಾಗಿ ತಿರುಗಿಸಿದರೆ ಹಿಂಭಾಗ ಜಾರಿ ಹೋಗುತ್ತದೆ. ಹಿಂದಿನ ಒಂದಡಿಯಷ್ಟು ಅಂಚನ್ನು ಚೂಪು ಮಾಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಕಾರವಾರದಲ್ಲಿ ಒಂದು ಕಲ್ಲಿಗೆ ತಾಗಿ ಮೂಲೆ ಬಿರುಕು ಬಿಟ್ಟಿತು, ಒಳಗೆ ನೀರು ಸೇರಿತು. ಹತ್ತು ದಿನ ಗೋಡೆಗೆ ಆನಿಸಿ ಒಣಗಿಸಿದೆ.

ಕೊನೆಯದು ಮತ್ತೆ ಪ್ಲೈ, ಆದರೆ ಮೂಗು ಬಗ್ಗಿಸಿದ್ದು. 4 ಮಿಮೀಯ ಎರಡು ಹಾಳೆ, ನಡುವೆ ಎಪಾಕ್ಸಿ. ಕಾಕಾ ಇಲ್ಲಿ ನಿಜವಾಗಿ ಹುಮ್ಮಸ್ಸಿಗೆ ಬಂದರು. ಹಳೇ ಚೌಕಟ್ಟಿನ ತುಂಡುಗಳಿಂದ ಏರುಪಟ್ಟಿಯ ಅಚ್ಚು ಕಟ್ಟಿದರು. ಮುಂದಿನ 10 ಇಂಚಿನಲ್ಲಿ ಎರಡೂವರೆ ಇಂಚು ಏರು ಬೇಕು ಅಂದೆ. ಅವರು ಅಚ್ಚನ್ನು ಮೂರು ಇಂಚು ಏರಿಸಿದರು. "ಬಿಟ್ಟ ಮ್ಯಾಲೆ ಸ್ವಲ್ಪ ವಾಪಸ್ ಬರ್ತೈತ್ರಿ. ಕಟಗಿ ಹಟ ಬಿಡೂದಿಲ್ಲ." ಎರಡು ಹಾಳೆಗೆ ರಾಳ ಸವರಿ, ಜೋಡಿಸಿ, ಅಚ್ಚಿನ ಮೇಲಿಟ್ಟು ಶಿಕಂಜಾ (ಕ್ಲಾಂಪ್) ಬಿಗಿದರು. ಶಿಕಂಜಾ ಸಾಲದ ಕಡೆ ಮರಳು ಚೀಲ ಹೇರಿದರು. ಡಿಸೆಂಬರಿನ ಚಳಿಗೆ ಎಪಾಕ್ಸಿ ನಿಧಾನ, ಒಂದೂವರೆ ದಿನ ಮುಟ್ಟಲಿಲ್ಲ. ಬಿಚ್ಚಿದಾಗ ಅಳೆದೆ. ಎರಡೂವರೆ ಇಂಚಿಗೆ ಒಂದು ನೂಲು ಕಡಿಮೆ. ಕಾಕಾ ಏನೂ ಹೇಳಲಿಲ್ಲ, ಚಹಾಕ್ಕೆ ಹೇಳಿಕಳಿಸಿದರು.

ತೂಕ 2.6 ಕೆಜಿ. ತೇಲುವ ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ಕಡೆ. ಈ ಸಲ ಅಂಚಿಗೆ ಮೂರು ಕೋಟ್ ಎಪಾಕ್ಸಿ, ಮೇಲೆ ಪಿಯು (ಪಾಲಿಯುರೆಥೇನ್) ಪಾಲಿಶ್. ಅದೇ ಬೀಚು, ಅದೇ ಹತ್ತು ಅಲೆಯ ಲೆಕ್ಕ. ಮೂಗು ಒಂದೇ ಸಲ ಚುಚ್ಚಿತು, ಅದೂ ನಾನು ತೀರಾ ಮುಂದೆ ಜರುಗಿ ಮಲಗಿದ್ದಕ್ಕೆ. 8 ಮಿಮೀ ದಪ್ಪದ ಅಂಚು ನೀರನ್ನು ಚಾಕುವಿನಂತೆ ಹಿಡಿಯುತ್ತದೆ. ಎಡ ಮೊಣಕೈಗೆ ಭಾರ ಕೊಟ್ಟರೆ ಎಡಕ್ಕೆ ಹೋಗುತ್ತದೆ, ಅಷ್ಟೇ. ನಡುವೆ ಸ್ವಲ್ಪ ಬಾಗುತ್ತದೆ ಕೂಡ. ಅಲೆಯ ಉಬ್ಬಿನ ಮೇಲೆ ಹೋಗುವಾಗ ಹೊಟ್ಟೆಯ ಕೆಳಗೆ ಹಲಗೆ ಉಸಿರಾಡಿದಂತೆ ಆಗುತ್ತದೆ. ಎದುರು ಅಲೆ ಬಂದರೆ ಎದೆಗವಚಿಕೊಂಡು ಬುಳುಕ್ ಅಂತ ಕೆಳಗೆ ಮುಳುಗಿ ದಾಟಬಹುದು. ತೇಲದಿರೋದರ ಲಾಭ ಇದು. ಹಲಗೆಯ ಹಿಂಭಾಗದ ತಳಕ್ಕೆ ಮೀನಿನ ರೆಕ್ಕೆಯಂಥ ಎರಡು ಸಣ್ಣ ಮರದ ಫಿನ್ ಹಚ್ಚಿಯೂ ನೋಡಿದೆ. ದಂಡೆಯ ಹತ್ತಿರ ಮರಳಿಗೆ ಸಿಕ್ಕುತ್ತವೆ, ಮೊಣಕಾಲ ಚಿಪ್ಪಿಗೂ ಬಡಿಯುತ್ತವೆ. ಕಿತ್ತು ಹಾಕಿದೆ.

ಹಿಡಿತಕ್ಕೆ ಮೇಣದಬತ್ತಿ ತಿಕ್ಕಿದ್ದೆ. ನೀರಲ್ಲಿ ಪರವಾಗಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕರಗಿ ಹಿಂದಿನ ಸೀಟೆಲ್ಲ ಮೇಣ. ಮನೆಯಲ್ಲಿ ಇನ್ನೂ ಆ ಮಾತು ಬರುತ್ತದೆ. ಬರಿ ಮೈಯಲ್ಲಿ ಮಲಗಿದರೆ ಹೊಟ್ಟೆ ಕೆಂಪಗಾಗುತ್ತದೆ, ಬಿಗಿ ಟೀ ಶರ್ಟ್ ಹಾಕಿಕೊಳ್ಳಿ.

ಹಾಗಾದರೆ ಯಾವುದು? ನನ್ನಂತೆ ನೆಲ ಸಿಗುವ ನೀರಲ್ಲೇ ಆಡುವವರಾದರೆ, ಎರಡನೇ ಮಾತೇ ಇಲ್ಲ, ಮೂಗು ಬಗ್ಗಿದ ತೆಳು ಪ್ಲೈ. ಚೆನ್ನಾಗಿ ಈಜು ಬಂದು, ಫಿನ್ ಹಾಕಿ ಆಳಕ್ಕೆ ಹೋಗುವವರಾದರೆ ಥರ್ಮಾಕೋಲ್-ಎಪಾಕ್ಸಿ. ಸಾದಾ 12 ಮಿಮೀ ಪ್ಲೈ ಯಾರಿಗೂ ಬೇಡ. ಅದು ಈಗ ನಮ್ಮ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿ ಹೊತ್ತುಕೊಂಡಿದೆ. ಬೇರೆ ಮರದಲ್ಲೂ ಮಾಡುತ್ತಾರೆ, ಪೌಲೋನಿಯಾ ಅನ್ನೋ ಹಗುರ ಮರ ಹೊರದೇಶಗಳಲ್ಲಿ ಬಳಕೆಯಲ್ಲಿದೆ. ನಾನು ಕೈಗೆತ್ತಿಕೊಂಡಿಲ್ಲ.

ಐದನೆಯದರ ಅಚ್ಚು ಬರೆದಾಗಿದೆ. ಅದೇ 8 ಮಿಮೀ, ಆದರೆ ಅಗಲ 18 ಇಂಚು, ಉದ್ದ 2 ಇಂಚು ಕಡಿಮೆ, ಹಿಂದಿನ ತುದಿಗೆ ಸ್ವಲ್ಪ ಬಾಗಿದ ಕಚ್ಚು, ತೊಡೆ ಕೂರುವುದಕ್ಕೆ. ಅಗಲ ಹೆಚ್ಚಾದರೆ ಸಣ್ಣ ಅಲೆಯಲ್ಲೂ ಬೇಗ ಎದ್ದೀತು ಅಂತ ನನ್ನ ಲೆಕ್ಕ. ಮಳೆಗಾಲದಲ್ಲಿ ಹೇಗೂ ನೀರಿಗಿಳಿಯುವಂತಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡಲು ನಮ್ಮಂಥವರದ್ದಲ್ಲ. ಈಗಲೇ ಮಾಡಿಸಿಡೋಣ ಅಂತ ಹೋದ ವಾರ ಶಹಾಪುರಕ್ಕೆ ಹೋಗಿದ್ದೆ. ಕಾಕಾ ಅಚ್ಚು ನೋಡಿದರು, ಕಚ್ಚಿನ ಮೇಲೆ ಬೆರಳಾಡಿಸಿದರು, ಮಡಚಿ ಗೋಡೆಯ ಮೊಳೆಗೆ ಸಿಕ್ಕಿಸಿದರು.

"ಗಣಪತಿ ಮುಗೀಲಿ ಸರ. ಮಂಟಪದ ಕೆಲಸ ಕೈತುಂಬ ಐತಿ. ನಿಮ್ಮ ನೀರ ಮಣಿ ಆಮ್ಯಾಲೆ."