ಗೂಗಲ್‌ನಲ್ಲಿ 'ನಂಬರ್ ಒನ್ ಗ್ಯಾರಂಟಿ' ಅನ್ನುವವರ ಕೈಗೆ ನಿಮ್ಮ ವೆಬ್‌ಸೈಟ್ ಕೊಡಬೇಡಿ

ಹಾವೇರಿ, ಗದಗ, ಹುಬ್ಬಳ್ಳಿ-ಧಾರವಾಡದ ಕಡೆ ಅಂಗಡಿ ನಡೆಸುವವರು ದಯವಿಟ್ಟು ಇದನ್ನು ಓದಿ. ನಿಮ್ಮ ವ್ಯಾಪಾರಕ್ಕೆ ಒಂದು ವೆಬ್‌ಸೈಟ್ ಇದ್ದರೆ ಇವತ್ತಲ್ಲ ನಾಳೆ ನಿಮಗೂ ಆ ಫೋನ್ ಬರುತ್ತದೆ. "ಸರ, ನಿಮ್ಮ ಸೈಟ್ ಗೂಗಲ್‌ನ್ಯಾಗ ಕಾಣವಲ್ದು. ಮೂರು ತಿಂಗಳದಾಗ ನಂಬರ್ ಒನ್ ಮಾಡಿ ಕೊಡ್ತೀವಿ, ಗ್ಯಾರಂಟಿ."

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಕಡ್ಡಿ, ಡಬ್ಬಿ ಎರಡೂ ಬಗೆಯ ಕಾಯಿ ಮಾರುತ್ತೇವೆ. ಪುಡಿ ಮಾಡಿಸಿ ಪ್ಯಾಕೆಟ್‌ನಲ್ಲಿ ಹೊರಗಿನ ಊರುಗಳಿಗೂ ಕಳಿಸುತ್ತೇವೆ. ಅದಕ್ಕೆಂದೇ ವೆಬ್‌ಸೈಟ್ ಮಾಡಿಸಿದ್ದೆವು. ಹುಬ್ಬಳ್ಳಿಯ ಒಂದು ಏಜೆನ್ಸಿಯವರು ಬಂದರು. ತಿಂಗಳಿಗೆ 15,000 ರೂಪಾಯಿ, ಒಂದು ವರ್ಷದ ಕರಾರು. ಗೂಗಲ್ ಪಾರ್ಟ್ನರ್ ಅಂತ ಒಂದು ಬ್ಯಾಡ್ಜ್ ತೋರಿಸಿದರು. ಆ ಬ್ಯಾಡ್ಜ್ ಗೂಗಲ್ ಜಾಹೀರಾತು ನಿರ್ವಹಿಸುವ ಕಂಪನಿಗಳಿಗೆ ಕೊಡುವಂಥದ್ದು. ಜಾಹೀರಾತಲ್ಲದ ಸಾಮಾನ್ಯ ಹುಡುಕಾಟದಲ್ಲಿ ಯಾರು ಮೇಲೆ ಬರಬೇಕು ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದುಡ್ಡು ಕೊಟ್ಟರೆ ಗೂಗಲ್ ನಿಮ್ಮ ಜಾಹೀರಾತು ತೋರಿಸುತ್ತದೆ, ಅದರ ಮೇಲೆ ಜಾಹೀರಾತು ಅಂತ ಗುರುತೂ ಇರುತ್ತದೆ. ಕೆಳಗಿನ ಸಾಮಾನ್ಯ ಪಟ್ಟಿಯಲ್ಲಿ ಮೇಲಕ್ಕೆ ತರಲು ಅದು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೊದಲ ಸ್ಥಾನವನ್ನು ಯಾರೂ ಗ್ಯಾರಂಟಿ ಕೊಡಲಾರರು ಅಂತ ಗೂಗಲ್‌ನವರೇ ತಮ್ಮ ಸಹಾಯ ಪುಟದಲ್ಲಿ ಬರೆದಿದ್ದಾರೆ.

ಮೊದಲ ತಿಂಗಳ ರಿಪೋರ್ಟ್ ಚೆನ್ನಾಗಿತ್ತು. ಬಣ್ಣ ಬಣ್ಣದ ಗ್ರಾಫ್, ಜೊತೆಗೆ ನಾವು ಮೊದಲ ಸ್ಥಾನದಲ್ಲಿರುವ ಸ್ಕ್ರೀನ್‌ಶಾಟ್. ಹುಡುಕಿದ್ದು ಏನನ್ನು ಗೊತ್ತಾ? ನಮ್ಮದೇ ಅಂಗಡಿ ಹೆಸರು, ಮುಂದೆ ಬ್ಯಾಡಗಿ ಅಂತ. ಆ ಹೆಸರಿನ ಅಂಗಡಿ ಬೇರೆ ಯಾವುದೂ ಇಲ್ಲ, ಹಾಗಾಗಿ ನಾವೇ ಮೊದಲು ಬರಲೇಬೇಕು. ಅಂಗಡಿ ಹೆಸರೇ ಗೊತ್ತಿರುವವನು ಹೇಗೂ ಬರುತ್ತಾನೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು 'ಬ್ಯಾಡಗಿ ಮೆಣಸಿನಪುಡಿ' ಅಂತ ಹುಡುಕುವ ಅಪರಿಚಿತನಿಗೆ ನಾವು ಕಾಣುತ್ತೇವಾ ಅನ್ನುವುದೇ ಪ್ರಶ್ನೆ. ಅದಕ್ಕೆ ಆ ರಿಪೋರ್ಟ್‌ನಲ್ಲಿ ಉತ್ತರ ಇರಲಿಲ್ಲ. ಇನ್ನೊಂದು ವಿಷಯ. ನಿಮ್ಮ ಅಂಗಡಿಯಲ್ಲೇ ನಿಂತು ನಿಮ್ಮ ಮೊಬೈಲ್‌ನಲ್ಲಿ ಹುಡುಕಿ ತೋರಿಸಿದರೂ ನಂಬಬೇಡಿ. ಹುಡುಕುವವರು ಎಲ್ಲಿದ್ದಾರೆ ಅನ್ನುವುದನ್ನು ನೋಡಿಕೊಂಡು ಗೂಗಲ್ ಹತ್ತಿರದ ಅಂಗಡಿಗಳನ್ನು ಮುಂದೆ ತರುತ್ತದೆ.

ನಮಗೆ ಅನುಮಾನ ಬಂದದ್ದು ಒಬ್ಬ ಗಿರಾಕಿಯಿಂದ. ಬೆಂಗಳೂರಿನವರು, ಪುಡಿ ತರಿಸಿಕೊಂಡಿದ್ದರು. ಫೋನ್ ಮಾಡಿ ರೇಗಿದರು: "ಖಾರಾನೇ ಇಲ್ಲ ಕಣ್ರೀ ಇದು, ಕಲಬೆರಕೆ ಮಾಡಿದ್ದೀರಾ?" ಬ್ಯಾಡಗಿ ಕಾಯಿಗೆ ಬೇಡಿಕೆ ಇರುವುದೇ ಬಣ್ಣಕ್ಕೆ, ಖಾರ ಕಡಿಮೆ ಅಂತ ಅಪ್ಪ ಸಮಾಧಾನದಿಂದ ವಿವರಿಸಿದರು. "ನಿಮ್ಮ ವೆಬ್‌ಸೈಟಲ್ಲೇ ಭಾರತದ ಅತಿ ಖಾರದ ಮೆಣಸಿನಕಾಯಿ ಅಂತ ಬರೆದಿದ್ದೀರಲ್ಲ" ಅಂದರು ಅವರು.

ನಾವು ಹಾಗೆ ಬರೆದಿರಲಿಲ್ಲ. ತೆಗೆದು ನೋಡಿದರೆ ಸೈಟ್‌ನಲ್ಲಿ ನಮಗೆ ಗೊತ್ತೇ ಇಲ್ಲದ ನೂರಾರು ಪುಟಗಳು. ಲಖನೌದಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕಾನ್ಪುರದಲ್ಲಿ ಬ್ಯಾಡಗಿ ಮೆಣಸಿನಕಾಯಿ, ಹೀಗೆ ಊರಿಗೊಂದು ಪುಟ. ಊರಿನ ಹೆಸರು ಬಿಟ್ಟರೆ ಎಲ್ಲದರಲ್ಲೂ ಅದೇ ಬರಹ. ಒಂದರಲ್ಲಿ ಈ ಕಾಯಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಅಂತ ಬೇರೆ ಇತ್ತು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೆಳೆ ಇದು. ಈ ಭಾಗದ ಎಷ್ಟೋ ರೈತರು ಇದನ್ನೇ ನಂಬಿದ್ದಾರೆ. ಅದರ ಬಗ್ಗೆ ನಮ್ಮ ಹೆಸರಲ್ಲಿ ಇಂಥ ಸುಳ್ಳು! ದುಡ್ಡು ಹೋದದ್ದಕ್ಕಿಂತ ಅಪ್ಪನಿಗೆ ಜಾಸ್ತಿ ನೋವಾದದ್ದು ಇದಕ್ಕೇ.

ಹೀಗೆ ಊರಿನ ಹೆಸರು ಬದಲಿಸಿ ಪುಟ ತುಂಬುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಹೆಸರು ಹೇಳಿಯೇ ನಿಷೇಧಿಸಿದೆ. ಯಂತ್ರದಿಂದಲೋ ಮನುಷ್ಯರಿಂದಲೋ ರಾಶಿಗಟ್ಟಲೆ ಉಪಯೋಗವಿಲ್ಲದ ಬರಹ ಹಾಕುವುದರ ವಿರುದ್ಧ 2024ರ ಮಾರ್ಚ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು.

ಏಜೆನ್ಸಿಯವರು ಲಿಂಕ್‌ಗಳನ್ನೂ ಕೊಂಡಿದ್ದರು. ಬೇರೆ ಸೈಟ್‌ಗಳು ನಿಮ್ಮ ಸೈಟ್‌ಗೆ ಲಿಂಕ್ ಕೊಟ್ಟರೆ, ಊರಲ್ಲಿ ನಾಲ್ಕು ಜನ 'ಆ ಅಂಗಡಿ ಚಲೋ ಐತಿ' ಅಂದ ಹಾಗೆ. ಗೂಗಲ್ ಮೊದಲಿನಿಂದಲೂ ಅದಕ್ಕೆ ಬೆಲೆ ಕೊಡುತ್ತ ಬಂದಿದೆ. ಅದಕ್ಕೇ ಲಿಂಕ್ ಮಾರುವ ದಂಧೆ ಹುಟ್ಟಿತು. ಅದನ್ನು ಹಿಡಿಯಲು 2012ರಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ಬಂತು. 2016ರಲ್ಲಿ ಅದು ಗೂಗಲ್‌ನ ಮುಖ್ಯ ವ್ಯವಸ್ಥೆಯಲ್ಲೇ ಸೇರಿಹೋಯಿತು. ಇಷ್ಟೆಲ್ಲ ಆಗಿ ವರ್ಷಗಳೇ ಕಳೆದರೂ ನಮ್ಮ ಮೆಣಸಿನಕಾಯಿ ಸೈಟ್‌ಗೆ ಎಲ್ಲೆಲ್ಲಿಯದೋ ಜೂಜಿನ ಸೈಟ್‌ಗಳಿಂದ ಲಿಂಕ್ ತಂದಿದ್ದರು.

ಈ ಹೊತ್ತಿಗೆ ಆರ್ಡರ್ ಬರುವುದು ಬಹುತೇಕ ನಿಂತಿತ್ತು. ಕೇಳಿದರೆ, "ಗೂಗಲ್ ಅಪ್‌ಡೇಟ್ ನಡದೈತ್ರಿ, ಇನ್ನೊಂದು ಸ್ವಲ್ಪ ದಿನ ತಡೀರಿ" ಅನ್ನುವ ಉತ್ತರ. ನಿಜವಾದ ಕಾರಣ ತಿಳಿಯಲು ಸರ್ಚ್ ಕನ್ಸೋಲ್ ನೋಡಬೇಕಿತ್ತು. ಯಾವ ಪದಕ್ಕೆ ಎಷ್ಟು ಜನ ಬಂದರು, ನಿಯಮ ಮುರಿದದ್ದಕ್ಕೆ ಸೈಟ್ ಅನ್ನು ಹುಡುಕಾಟದಲ್ಲಿ ಕೆಳಗಿಳಿಸುವ ದಂಡ ಬಿದ್ದಿದೆಯಾ ಅಂತ ಗೂಗಲ್ ಸೈಟ್ ಮಾಲೀಕರಿಗೆ ಪುಕ್ಕಟೆಯಾಗಿ ತೋರಿಸುವ ಜಾಗ ಅದು. ಅದು ಇದ್ದದ್ದು ಏಜೆನ್ಸಿಯ ಇಮೇಲ್‌ನಲ್ಲಿ. ಡೊಮೇನ್, ಅಂದರೆ ವೆಬ್‌ಸೈಟ್‌ನ ವಿಳಾಸ, ಕೂಡ ಅವರದೇ ಖಾತೆಯಲ್ಲಿ. "ರಿನೀವಲ್ ಚಿಂತಿ ನಿಮಗ್ಯಾಕ್ರಿ" ಅಂತ ಹೇಳಿ ಅವರು ಅದನ್ನು ತಮ್ಮ ಕಡೆ ವರ್ಗಾಯಿಸಿಕೊಂಡಿದ್ದರು. ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಬಿಸಿನೆಸ್ ಪ್ರೊಫೈಲ್‌ಗೂ ಅವರೇ ಪ್ರೈಮರಿ ಓನರ್. ವಾಪಸ್ ಕೊಡಿ ಅಂದಾಗ ಉಳಿದ ತಿಂಗಳುಗಳ ಹಣ ಕಟ್ಟಿ ಅಂದರು.

ಮ್ಯಾಪ್ ಪ್ರೊಫೈಲ್ ಬೇಗ ಸಿಕ್ಕಿತು. ಅದಕ್ಕೆ ಗೂಗಲ್‌ನಲ್ಲೇ ದಾರಿ ಇದೆ. ಮಾಲೀಕತ್ವ ಕೇಳಿ ಮನವಿ ಹಾಕಬಹುದು. ಈಗಿನ ಓನರ್‌ಗೆ ಉತ್ತರಿಸಲು 3 ದಿನ ಇರುತ್ತದೆ. ಅವರು ಸುಮ್ನೆ ಇದ್ದರೆ, ಅಂಗಡಿ ನಿಮ್ಮದೇ ಅಂತ ತೋರಿಸಿ ಪಡೆಯುವ ಅವಕಾಶ ಸಿಗಬಹುದು. ಡೊಮೇನ್‌ಗೆ ಮಾತ್ರ ತುಂಬಾ ಒದ್ದಾಡಿದೆವು. ಮೊದಲು ಡೊಮೇನ್ ಕೊಂಡಾಗಿನ ಬಿಲ್ ಅಪ್ಪ ಫೈಲ್‌ನಲ್ಲಿ ಇಟ್ಟಿದ್ದರು. ಹಾವೇರಿಯ ವಕೀಲರಿಂದ ಆ ಬಿಲ್ ಲಗತ್ತಿಸಿ ನೋಟಿಸ್ ಕಳಿಸಿದ ಮೇಲೇ ಬಿಟ್ಟುಕೊಟ್ಟರು.

ಸರ್ಚ್ ಕನ್ಸೋಲ್ ತೆರೆದರೆ 'ಮ್ಯಾನ್ಯುಯಲ್ ಆಕ್ಷನ್ಸ್' ಅನ್ನುವಲ್ಲಿ ನೋಟಿಸ್ ಕಾದಿತ್ತು. ಗೂಗಲ್‌ನ ಸಿಬ್ಬಂದಿಯೇ ನೋಡಿ ಹಾಕಿದ ದಂಡ ಅದು. ಆ ಸಂದೇಶ ಏಜೆನ್ಸಿಗೆ ಹೋಗಿದೆ, ಅವರು ನಮಗೆ ಹೇಳಿಲ್ಲ, ತಿಂಗಳ ಹಣ ಮಾತ್ರ ತಪ್ಪದೆ ಕೇಳಿದ್ದಾರೆ. ನನಗೆ ಈಗಲೂ ಸಿಟ್ಟು ಬರುವುದು ಇಲ್ಲಿಯೇ.

ಆ ಪುಟಗಳನ್ನೆಲ್ಲ ಅಳಿಸಿದೆವು. ಕೊಂಡ ಲಿಂಕ್‌ಗಳಲ್ಲಿ ತೆಗೆಸಲು ಆಗದವುಗಳ ಪಟ್ಟಿ ಮಾಡಿ, ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಡಿಸ್‌ಅವೋ ಫೈಲ್ ಕೊಟ್ಟೆವು. ಮಾಡಿದ್ದನ್ನೆಲ್ಲ ಬರೆದು ಮರುಪರಿಶೀಲನೆಗೆ ಮನವಿ ಹಾಕಿದೆವು. ದಂಡ ತೆಗೆದರು. ಗಿರಾಕಿಗಳು ಮಾತ್ರ ನಿಧಾನವಾಗಿ ಬರುತ್ತಿದ್ದಾರೆ. ಈಗ ಸೈಟ್‌ನಲ್ಲಿ ಕಡ್ಡಿ ಯಾವುದು, ಡಬ್ಬಿ ಯಾವುದು, ಸಾರಿಗೆ ಯಾವುದು ಚೆನ್ನ, ಖಾರ ಬೇಕಿದ್ದರೆ ಯಾವ ಕಾಯಿ ಜೊತೆ ಬೆರೆಸಬೇಕು ಅಂತ ಅಪ್ಪ ಹೇಳಿದ್ದನ್ನೇ ನಾನು ಬರೆದು ಹಾಕುತ್ತಿದ್ದೇನೆ. ಫೋಟೋಗಳು ನಮ್ಮ ಅಂಗಡಿಯವೇ.

ಈ ಕೆಲಸ ಪ್ರಾಮಾಣಿಕವಾಗಿ ಮಾಡುವವರು ಖಂಡಿತ ಇದ್ದಾರೆ. ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್‌ನವರೇ ಹೇಳಿದ್ದಾರೆ. ಅಷ್ಟು ಸಮಯ ಕೇಳುವವರನ್ನು, ನಿಮ್ಮ ಮಾಲಿನ ಬಗ್ಗೆ ನಿಮ್ಮನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುವವರನ್ನು ಹುಡುಕಿ. ಡೊಮೇನ್ ನಿಮ್ಮ ಹೆಸರಲ್ಲೇ, ನಿಮ್ಮ ಖಾತೆಯಲ್ಲೇ ಇರಲಿ. ಅದರ ಒಟಿಪಿ ಯಾರಿಗೂ ಕೊಡಬೇಡಿ. ಸರ್ಚ್ ಕನ್ಸೋಲ್‌ಗೆ ನೀವು ಓನರ್ ಆಗಿದ್ದು ಅವರನ್ನು ಯೂಸರ್ ಆಗಿ ಮಾತ್ರ ಸೇರಿಸಿ. ಮ್ಯಾಪ್ ಪ್ರೊಫೈಲ್‌ನಲ್ಲಿ ಮ್ಯಾನೇಜರ್ ಮಾಡಿದರೆ ಸಾಕು. ಯಾವುದೇ ಹೊಸ ಪುಟ ನೀವು ಓದಿ ಒಪ್ಪದೆ ಸೈಟ್‌ಗೆ ಹೋಗಬಾರದು ಅಂತ ಕರಾರಿನಲ್ಲೇ ಬರೆಸಿ.

ಈಗಾಗಲೇ ಯಾರಿಗಾದರೂ ಕೆಲಸ ಕೊಟ್ಟಿದ್ದರೆ, ಗೂಗಲ್‌ನಲ್ಲಿ ಸೈಟ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಕೋಲನ್ (:) ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಬರೆದು ಹುಡುಕಿ. ನಿಮ್ಮ ಹೆಸರಲ್ಲಿ ಏನೇನು ಪುಟಗಳಿವೆ ಅಂತ ಕಾಣುತ್ತದೆ. ನೀವು ಬರೆಯದ್ದು, ಬರೆಸದ್ದು ಕಂಡರೆ ಮುಂದಿನ ತಿಂಗಳ ಹಣ ಕಟ್ಟುವ ಮೊದಲು ಸರ್ಚ್ ಕನ್ಸೋಲ್‌ನ ಓನರ್ ಹಕ್ಕು ಕೇಳಿ.