ನೀರ್ ದೋಸೆ ತಾನೇ ಅಂತ ತಿಂದೆ, ಮೂರು ದಿನ ಮಲಗಿದೆ

ಗ್ಲುಟೆನ್ ಆಗದವರು, ಮನೆಯಲ್ಲಿ ಅಂಥವರು ಇರುವವರು ಇದನ್ನು ಓದಿ. ಉಳಿದವರೂ ಓದಿ, ನಿಮ್ಮ ಜೊತೆ ಹೋಟೆಲ್‌ಗೆ ಬರುವ ನನ್ನಂಥವರನ್ನು ನೋಡಿ ಕಣ್ಣು ಮೇಲೆ ಮಾಡುವುದಾದರೂ ಕಡಿಮೆಯಾಗುತ್ತದೆ.

ನನಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಒಳಹೋದರೆ ನನ್ನ ದೇಹ ನನ್ನ ಸಣ್ಣ ಕರುಳಿನ ಮೇಲೇ ಜಗಳಕ್ಕೆ ನಿಲ್ಲುತ್ತದೆ. ಮಾತ್ರೆ ಇಲ್ಲ, ಜೀವನಪೂರ್ತಿ ಪಥ್ಯವೇ ಮದ್ದು. ಉತ್ತರ ಭಾರತದಲ್ಲಿ ನೂರರಲ್ಲಿ ಒಬ್ಬರಿಗೆ ಇರುವಷ್ಟು ಸಾಮಾನ್ಯ, ನಮ್ಮ ದಕ್ಷಿಣದಲ್ಲಿ ತೀರ ಅಪರೂಪ. ಹಾಗಾಗಿ ಇಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ, "ಗ್ಯಾಸ್ಟ್ರಿಕ್ಕಾ?" ಅಂತ ಕೇಳುತ್ತಾರೆ.

ಕಳೆದ ತಿಂಗಳು ಅತ್ತೆ ಮಗಳ ಮದುವೆ ಸೀರೆಗೆ ಅಂತ ಉಡುಪಿಯಿಂದ ಮಂಗಳೂರಿಗೆ ಹೋಗಿದ್ದೆವು. ಹಂಪನಕಟ್ಟೆಯಲ್ಲಿ ಅಂಗಡಿ ಅಂಗಡಿ ಸುತ್ತಿ ಹನ್ನೊಂದು ಗಂಟೆಗೆ ಹೊಟ್ಟೆ ತಾಳ ಹಾಕತೊಡಗಿತು. ಹತ್ತಿರದ ಒಂದು ಹೋಟೆಲ್‌ಗೆ ನುಗ್ಗಿದೆವು. ಹೆಸರು ಬೇಡ, ಅವರು ಮೋಸ ಮಾಡಿದ್ದಲ್ಲ. ಉಳಿದವರು ಬನ್ಸು, ಗೋಳಿಬಜೆ ಅಂತ ಹೇಳಿದರು. ನಾನು ಜಾಣೆ ಅಲ್ವಾ, ನೀರ್ ದೋಸೆ ಹೇಳಿದೆ. ಅಕ್ಕಿ, ನೀರು, ಉಪ್ಪು, ಇನ್ನೇನಿರುತ್ತದೆ ಅದರಲ್ಲಿ? ಆದರೂ ಬಡಿಸುವ ಹುಡುಗನನ್ನು ಕೇಳಿದೆ, "ಇದರಲ್ಲಿ ಗೋಧಿ ಉಂಟಾ?" ಅವನು ನಕ್ಕು "ಇಜ್ಜಿ ಅಕ್ಕಾ, ನೀರ್ ದೋಸೆಗೆ ಯಾರಾದರೂ ಗೋಧಿ ಹಾಕುತ್ತಾರಾ?" ಅಂದ. ಇಜ್ಜಿ ಅಂದರೆ ತುಳುವಿನಲ್ಲಿ ಇಲ್ಲ. ಆರು ದೋಸೆ ತಿಂದೆ. ಎರಡು ಸಲ ಸಾಂಬಾರು ಹಾಕಿಸಿಕೊಂಡೆ.

ಬಸ್ಸು ಮೂಲ್ಕಿ ದಾಟುವಾಗ ಹೊಟ್ಟೆ ಹಿಂಡಲು ಶುರುವಾಯಿತು. ಪಡುಬಿದ್ರಿಯಲ್ಲಿ ಇಳಿಯಲೇಬೇಕಾಯಿತು. ರಸ್ತೆ ಬದಿಯಲ್ಲಿ ಕೂತು ವಾಂತಿ, ಒಂದು ಕೈಯಲ್ಲಿ ಸೀರೆ ಚೀಲ, ಅತ್ತೆ ಬೆನ್ನು ನೀವುತ್ತಾ "ಬಿಸಿಲು ಮಗಾ, ಬಿಸಿಲು" ಅನ್ನುತ್ತಿದ್ದರು. ಬಿಸಿಲಲ್ಲ ಅಂತ ನನಗೆ ಗೊತ್ತಿತ್ತು. ಆಮೇಲೆ ಮೂರು ದಿನ ಭೇದಿ, ಹೊಟ್ಟೆ ಉಬ್ಬರ, ತಲೆಯೊಳಗೆ ಮಂಜು ಕವಿದ ಹಾಗೆ. ನಾಲ್ಕನೆಯ ದಿನ ಗಂಜಿ ಕುಡಿದೆ.

ಎರಡು ವಾರ ಬಿಟ್ಟು ಅದೇ ಹೋಟೆಲ್‌ಗೆ ಹೋದೆ. ಜಗಳಕ್ಕಲ್ಲ, ನನಗೆ ತಿಳಿಯಬೇಕಿತ್ತು. ಅಡುಗೆ ಭಟ್ಟರು ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಪಾಪ, ಏನೂ ಮುಚ್ಚಿಡಲಿಲ್ಲ. "ಗೋಧಿ ಎಂತಕ್ಕೆ ಹಾಕುವುದು? ಒಂದು ಮುಷ್ಟಿ ಮೈದಾ ಅಷ್ಟೇ. ಇಲ್ಲದಿದ್ದರೆ ರಶ್ ಇರುವಾಗ ಕಾವಲಿಯಿಂದ ತೆಗೆಯುವಾಗ ಹರಿಯುತ್ತದೆ."

ಮೈದಾ ಅಷ್ಟೇ! ನಾನು ಬಿದ್ದದ್ದು ಇಲ್ಲಿ ನೋಡಿ. ನಮ್ಮ ಊರಿನಲ್ಲಿ ಗೋಧಿ ಅಂದರೆ ಚಪಾತಿ ಹಿಟ್ಟು. ಮೈದಾ ಬೇರೆ, ರವೆ ಬೇರೆ. ಮೂರೂ ಒಂದೇ ಕಾಳಿನದ್ದು ಅಂತ ಯಾರ ತಲೆಗೂ ಬರುವುದಿಲ್ಲ, ಸತ್ಯ ಹೇಳಬೇಕೆಂದರೆ ಕಾಯಿಲೆ ಗೊತ್ತಾಗುವವರೆಗೆ ನನಗೂ ಬಂದಿರಲಿಲ್ಲ. ಹುಡುಗ ಸುಳ್ಳು ಹೇಳಲಿಲ್ಲ, ನಾನು ಕೇಳಿದ್ದೇ ತಪ್ಪು. ಈಗ ಒಂದೊಂದೇ ಹೆಸರು ಹಿಡಿದು ಕೇಳುತ್ತೇನೆ: ಮೈದಾ ಹಾಕಿದ್ದೀರಾ, ರವೆ ಹಾಕಿದ್ದೀರಾ, ಇಂಗು ಯಾವುದು, ಇದೇ ಕಾವಲಿಯಲ್ಲಿ ರವಾ ದೋಸೆ ಹಾಕುತ್ತೀರಾ.

ಇಂಗು ಅಂದ ಕೂಡಲೇ ಎಲ್ಲರೂ ನಗುತ್ತಾರೆ. ನಗಬೇಡಿ. ಶುದ್ಧ ಇಂಗು ತೀರ ಘಾಟು, ಹಾಗೆಯೇ ಬಳಸಲು ಆಗುವುದಿಲ್ಲ, ಅದಕ್ಕೆ ಅಂಟು ಮತ್ತು ಹಿಟ್ಟು ಸೇರಿಸಿ ಮಾರುತ್ತಾರೆ. ಆ ಹಿಟ್ಟು ಹೆಚ್ಚಾಗಿ ಮೈದಾ. ಅಕ್ಕಿ ಹಿಟ್ಟು ಹಾಕಿದ್ದೂ ಸಿಗುತ್ತದೆ, ಡಬ್ಬಿ ತಿರುಗಿಸಿ ಓದಬೇಕು. ನಮ್ಮ ಉಡುಪಿ ಅಡುಗೆಯಲ್ಲಿ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ ಹಾಕದ ಕಡೆ, ಇಂಗಿಲ್ಲದೆ ಸಾರೂ ಇಲ್ಲ ಸಾಂಬಾರೂ ಇಲ್ಲ. ಒಗ್ಗರಣೆಯ ಚಿಟಿಕೆ ಇಂಗಿನಲ್ಲಿ ಎಷ್ಟಿರುತ್ತದೆ ಅಂತ ಕೇಳಬಹುದು. ದಿನಾ 50 ಮಿಲಿಗ್ರಾಂ ಗ್ಲುಟೆನ್ ಹೋದರೂ ಕರುಳು ಕೆಡುತ್ತದೆ, ಅಷ್ಟು ಗ್ಲುಟೆನ್ ಒಂದು ಗ್ರಾಂಗಿಂತ ಕಡಿಮೆ ಮೈದಾದಲ್ಲೇ ಇರುತ್ತದೆ. ಒಂದು ಚಿಟಿಕೆ ಅಷ್ಟಾಗುವುದಿಲ್ಲ, ಸರಿ. ಆದರೆ ಸಾರಿನಲ್ಲಿ ಸ್ವಲ್ಪ, ಚಟ್ನಿಯಲ್ಲಿ ಸ್ವಲ್ಪ, ಕಾವಲಿಯಲ್ಲಿ ಸ್ವಲ್ಪ. ಲೆಕ್ಕ ಇಡುವವರು ಯಾರು? ಪ್ಯಾಕೆಟ್ ಮೇಲೆ ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅನ್ನುವ ನಿಯಮ ಉಂಟು. ಕಾವಲಿಗೆ ಎಂತ ನಿಯಮ?

ಎಣ್ಣೆಯದ್ದೂ ಇದೇ ಕಥೆ. ಕಡಲೆಹಿಟ್ಟಿನ ಪೋಡಿ, ಅಂದರೆ ಬಜ್ಜಿ, ತಿನ್ನಬಹುದು ಅಂತ ತಿಂದು ಒಮ್ಮೆ ಕೆಟ್ಟಿದ್ದೇನೆ. ಅದೇ ಬಾಣಲೆಯಲ್ಲಿ ಬೆಳಿಗ್ಗೆಯಿಂದ ಮೈದಾದ ಗೋಳಿಬಜೆ, ಬನ್ಸು ಕರಿದಿದ್ದರು. ಕಾದ ಎಣ್ಣೆಯಲ್ಲಿ ಎಲ್ಲ ಸುಟ್ಟು ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ, ಗ್ಲುಟೆನ್ ಹಾಗೆ ಹೋಗುವುದಿಲ್ಲ. ಮೀನು ತಿನ್ನುವವರು ತವಾ ಫ್ರೈ ಹೇಳಿ ಸುಮ್ನೆ ಕೂರಬೇಡಿ, ಅದೇ ಕಲ್ಲಿನ ಮೇಲೆ ಈಗಷ್ಟೇ ರವಾ ಫ್ರೈ ಎದ್ದಿರುತ್ತದೆ. ಗೋಬಿ ಮಂಚೂರಿಗೆ ಮೈದಾ ಇದೆ ಅಂತ ಗೊತ್ತಿರುವವರಿಗೂ ಫ್ರೈಡ್ ರೈಸ್‌ನ ಸೋಯಾ ಸಾಸ್‌ನಲ್ಲಿ ಗೋಧಿ ಇರುವುದು ಗೊತ್ತಿರುವುದಿಲ್ಲ. ರಾಗಿ ದೋಸೆ ಅಂದರೆ ಬರೀ ರಾಗಿ ಅಂದುಕೊಳ್ಳಬೇಡಿ. ಸಜ್ಜಿಗೆ ಬಜಿಲ್‌ನಲ್ಲಿ ಬಜಿಲ್, ಅಂದರೆ ಅವಲಕ್ಕಿ, ಮಾತ್ರ ನಮ್ಮದು, ಸಜ್ಜಿಗೆ ಅಂದರೆ ಉಪ್ಪಿಟ್ಟು, ರವೆಯದ್ದು, ಮತ್ತೆ ಎರಡಕ್ಕೂ ಒಂದೇ ಸೌಟು. ಪಾಯಸದ ಶಾವಿಗೆ ಮನೆಯಲ್ಲಿ ಒತ್ತಿದ ಅಕ್ಕಿ ಶಾವಿಗೆ ಅಲ್ಲ, ಪ್ಯಾಕೆಟ್‌ನ ಗೋಧಿ ಶಾವಿಗೆ. ಗಡ್‌ಬಡ್ ಐಸ್‌ಕ್ರೀಮ್ ಮೇಲೆ ವೇಫರ್ ಸಿಕ್ಕಿಸುತ್ತಾರೆ, ಅದನ್ನು ಕಿತ್ತು ಬಿಸಾಡಿದರೆ ಆಗುವುದಿಲ್ಲ, ಪುಡಿ ಒಳಗೇ ಇರುತ್ತದೆ. ಮೊದಲೇ ಹೇಳಬೇಕು.

ಹಾಗಾದರೆ ಎಂತ ತಿನ್ನುವುದು ಅಂತ ನಮ್ಮ ಮನೆಯಲ್ಲೂ ಕೇಳಿದರು. ನನಗೆ ಈಗ ಧೈರ್ಯ ಇರುವುದು ಎಲೆಯೊಳಗೆ ಬೇಯುವುದರ ಮೇಲೆ. ಹಲಸಿನ ಎಲೆಯ ಕೊಟ್ಟೆ ಕಡುಬು, ಮುಂಡೇವು ಎಲೆಯ ಮೂಡೆ. ಅಕ್ಕಿ, ಉದ್ದು, ಉಗಿ. ಕಾವಲಿ ಇಲ್ಲ, ಬೇರೆಯವರ ಎಣ್ಣೆ ಇಲ್ಲ. ಹಿಟ್ಟಿಗೆ ರವೆ ಸೇರಿಸಿಲ್ಲ ಅಂತ ಮಾತ್ರ ಕೇಳಿಕೊಳ್ಳುತ್ತೇನೆ, ಇಡ್ಲಿಗೂ ಅದೇ ಪ್ರಶ್ನೆ. ಜೊತೆಗೆ ಒಗ್ಗರಣೆ ಹಾಕದ ಕಾಯಿ ಚಟ್ನಿ, ಒಂದು ಚಮಚ ತೆಂಗಿನೆಣ್ಣೆ. ಹನ್ನೆರಡೂವರೆಯ ರಶ್‌ಗೆ ಮೊದಲೇ ಹೋಗುತ್ತೇನೆ, ಜನ ತುಂಬಿದ ಮೇಲೆ ಕೇಳಿದರೆ ಎಲ್ಲದಕ್ಕೂ "ಇಜ್ಜಿ" ಅನ್ನುವ ಉತ್ತರವೇ ಬರುತ್ತದೆ. ಗಲ್ಲಾದಲ್ಲಿರುವವರನ್ನಲ್ಲ, ಆದರೆ ಅಡುಗೆಯವರನ್ನೇ ಕೇಳುತ್ತೇನೆ.

ಮದುವೆ ಮುಂದಿನ ವಾರ. ಅತ್ತೆ ಅಡುಗೆಯವರಿಗೆ ಫೋನ್ ಮಾಡಿ, ನನ್ನೊಬ್ಬಳಿಗೆ ಬೇರೆ ಪಾತ್ರೆಯಲ್ಲಿ ಇಂಗಿಲ್ಲದ ಸಾರು ಬೇಕು ಅಂದರಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿ ವ್ರತ ಹಿಡಿದಿದ್ದಾಳಾ?" ಅತ್ತೆ ಹೌದು ಅಂದುಬಿಟ್ಟಿದ್ದಾರೆ.